ಹೇರುವುದೇ, ಎಳೆಯುವುದೇ? ಹಳೆಯ ಕಾರುಗಳ ಪಯಣದ ಕಥೆ

ಬಸವಕಲ್ಯಾಣದ ಕೋಟೆಯನ್ನು ನೋಡಲು ಹೋದವರೆಲ್ಲ ಅಲ್ಲಿನ ದೊಡ್ಡ ತೋಪುಗಳ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಅದನ್ನು ಎರಕ ಹೊಯ್ದವರು ಯಾರು, ಯಾವ ಯುದ್ಧದಲ್ಲಿ ಬಳಸಿದರು ಎಂದು ಕೇಳುತ್ತಾರೆ. ಅದನ್ನು ಇಷ್ಟು ಎತ್ತರಕ್ಕೆ ತಂದದ್ದು ಹೇಗೆ ಎಂದು ಕೇಳುವವರು ಕಡಿಮೆ. ಜೋಳದ ಮೂಟೆಯಾದರೆ ಬಿಚ್ಚಿ ನಾಲ್ಕು ಎತ್ತಿನ ಮೇಲೆ ಹಂಚಬಹುದು. ತೋಪನ್ನು ತುಂಡು ಮಾಡಿ ಹಂಚಲಾಗದು. ಇಡಿಯಾಗಿಯೇ ಬರಬೇಕು, ಬಂದ ಮೇಲೆ ಕೆಲಸಕ್ಕೂ ಬರಬೇಕು. ದಖ್ಖನ್ನಿನ ಸೈನ್ಯಗಳು ಇದಕ್ಕಾಗಿ ಎತ್ತುಗಳ ಸಾಲನ್ನೂ ಆನೆಗಳನ್ನೂ ಹೂಡುತ್ತಿದ್ದವು.

ಒಡೆಯಲಾಗದ, ಒಡೆಯಬಾರದ ಭಾರವನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವುದು ಹೇಗೆ ಎಂಬ ಈ ಹಳೆಯ ಪ್ರಶ್ನೆ ಈಗ ಬೇರೆ ರೂಪದಲ್ಲಿ ಮರಳಿ ಬಂದಿದೆ. ಈಗಿನ ಭಾರವೆಂದರೆ ಹಳೆಯ ಕಾರುಗಳು. ಅಜ್ಜನ ಕಾಲದ ಫಿಯೆಟ್, ವಾಡೆಯ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಸಿಕ್ಕಿದ ಆಸ್ಟಿನ್, ಚಕ್ರ ಕಳಚಿದ ವಿಲ್ಲೀಸ್ ಜೀಪು. ಇವುಗಳನ್ನು ಉಳಿಸಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಆದರೆ ಉಳಿಸುವ ಮೊದಲು ಸಾಗಿಸಬೇಕು. ಐವತ್ತು ವರ್ಷ ಮಳೆ ಬಿಸಿಲು ತಾಳಿಕೊಂಡ ಕಾರೊಂದು ಐವತ್ತು ಕಿಲೋಮೀಟರ್ ಸಾಗಣೆಯಲ್ಲಿ ಹಾಳಾಗುವುದುಂಟು. ಆದ್ದರಿಂದ ಯಾವ ಗಾಡಿಯ ಮೇಲೆ ಹೇರಬೇಕು, ಯಾವ ಗಾಡಿಯಿಂದ ಎಳೆಸಬೇಕು ಎಂಬುದು ಕೇವಲ ಹವ್ಯಾಸಿಗಳ ಚರ್ಚೆಯಲ್ಲ. ಒಂದು ಊರಿನ ಯಂತ್ರ ಚರಿತ್ರೆ ಉಳಿಯುವುದೋ ಅಳಿಯುವುದೋ ಎಂಬುದು ಅದರ ಮೇಲೆ ನಿಂತಿದೆ.

ಹೇರೆತ್ತಿನಿಂದ ಬಂಡಿಗೆ

ಭಾರ ಸಾಗಿಸಲು ಇರುವ ಹಾದಿಗಳು ಎರಡೇ. ಒಂದು ಬೆನ್ನ ಮೇಲೆ ಹೇರುವುದು, ಇನ್ನೊಂದು ಹಿಂದೆ ಕಟ್ಟಿ ಎಳೆಯುವುದು. ಬೀದರ್, ಕಲಬುರಗಿ ಸೀಮೆಯಲ್ಲಿ ಎರಡಕ್ಕೂ ದೀರ್ಘ ಇತಿಹಾಸವಿದೆ. ರಸ್ತೆಯೇ ಇಲ್ಲದ ಕಾಲದಲ್ಲಿ ಬಂಜಾರರು ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೊತ್ತು ದಖ್ಖನ್ನನ್ನು ಅಡ್ಡಲಾಗಿ ದಾಟುತ್ತಿದ್ದರು. ಕಾಲ್ದಾರಿ ಇದ್ದರೂ ಸಾಕು, ಹೇರೆತ್ತು ನಡೆಯುತ್ತಿತ್ತು. ಬಂಡಿಗೆ ಹಾಗಲ್ಲ, ಅದಕ್ಕೆ ಹಾದಿ ಬೇಕು. ಆದರೆ ಹಾದಿ ಸಿಕ್ಕಿತೆಂದರೆ ಅದೇ ಜೋಡೆತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಹಲವು ಪಟ್ಟು ಭಾರವನ್ನು ಎಳೆಯುತ್ತಿತ್ತು. ಗಾಲಿಯ ಮಹಿಮೆ ಅದು.

ಬಂಡಿ ಹೊಡೆಯುವ ರೈತನಿಗೆ ಪುಸ್ತಕ ಓದದೆಯೂ ತಿಳಿದಿದ್ದ ಒಂದು ವಿಜ್ಞಾನವಿದೆ. ಎರಡು ಗಾಲಿಯ ಬಂಡಿಯಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ಕೂರಬೇಕು. ಆದರೆ ಸರಿಯಾಗಿ ಅಚ್ಚಿನ ಮೇಲೇ ಕೂತರೂ ಸಾಲದು, ಸ್ವಲ್ಪ ಮುಂದಕ್ಕಿರಬೇಕು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಜತ್ತಿಗೆ ಕೊರಳಿಗೆ ಬಿಗಿಯುತ್ತದೆ, ಎತ್ತಿನ ಕಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಅನುಭವಿ ರೈತ ಮೂಟೆ ಪೇರಿಸಿದ ಮೇಲೆ ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ತೀರಾ ಹಗುರವೂ ಅಲ್ಲ, ತೀರಾ ಭಾರವೂ ಅಲ್ಲ ಎಂದಾದ ನಂತರವೇ ಎತ್ತು ಹೂಡುತ್ತಿದ್ದ.

ಕಾರು ಸಾಗಿಸುವ ಟ್ರೇಲರಿನ ಶಾಸ್ತ್ರವೂ ಇದೇ. ಅಮೆರಿಕದ ಕೈಪಿಡಿಗಳು ಇದನ್ನು ಲೆಕ್ಕದಲ್ಲಿ ಹೇಳುತ್ತವೆ. ಟ್ರೇಲರ್ ಮತ್ತು ಅದರ ಮೇಲಿನ ಭಾರ ಸೇರಿ ಆಗುವ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಎಳೆಯುವ ವಾಹನದ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಹೆಚ್ಚಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು, ಮುಂದಿನ ಗಾಲಿಗಳು ಹಗುರಾಗಿ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ನೊಗದ ಜಾಗಕ್ಕೆ ಕಬ್ಬಿಣದ ಗುಂಡು ಬಂದಿದೆ, ಎತ್ತಿನ ಜಾಗಕ್ಕೆ ಎಂಜಿನ್ ಬಂದಿದೆ. ಉಳಿದಂತೆ ಲೆಕ್ಕ ಬದಲಾಗಿಲ್ಲ.

ರೈಲು ಬಾರದ ಊರಿಗೆ ಮೋಟಾರು

ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಕಲ್ಯಾಣಕ್ಕೂ, ಸೊಲ್ಲಾಪುರ-ಹೈದರಾಬಾದ್ ಹಾದಿಯ ಮೇಲಿರುವ ಹುಮನಾಬಾದಿಗೂ ಆಧುನಿಕ ಕಾಲದಲ್ಲಿ ಒಂದು ಸಮಾನ ಕೊರತೆ ಇತ್ತು. ರೈಲು ಇವುಗಳ ಸುತ್ತ ಹಾದುಹೋಯಿತೇ ಹೊರತು ಒಳಗೆ ಬರಲಿಲ್ಲ. ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಬಂತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಹೊರಟಿತು. ಹುಮನಾಬಾದನ್ನು ಹಾದುಹೋಗುವ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಅಷ್ಟು ವರ್ಷವೂ ಇಲ್ಲಿನ ಸರಕಿಗೆಲ್ಲ ರಸ್ತೆಯೇ ಗತಿಯಾಗಿತ್ತು.

ಆ ರಸ್ತೆಗೆ ಮೋಟಾರು ಬಂದದ್ದು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಇಂಗ್ಲೆಂಡಿಗೆ ಬೇಡಿಕೆ ಸಲ್ಲಿಸಿದ್ದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಕಾರು ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಹಿಂಬದಿಯಲ್ಲಿ ಸಿಂಹಾಸನದಂತಹ ಎತ್ತರದ ಆಸನ, ಮೇಲೆ ಗುಮ್ಮಟದಂತಹ ಛಾವಣಿ. ಕಾರು ಬರುವ ಮೊದಲೇ, 1911ರಲ್ಲಿ ನಿಜಾಮರು ತೀರಿಕೊಂಡರು. ಆಮೇಲೆ ಬಂದ ಕಾರು ಕೆಲವೇ ನೂರು ಮೈಲಿ ಓಡಿತು. ಇಷ್ಟು ಕಡಿಮೆ ಓಡಿದ್ದೇ ಅದನ್ನು ಉಳಿಸಿದ ಕಾರಣಗಳಲ್ಲಿ ಒಂದು. ಹಳೆಯ ಕಾರುಗಳ ಲೋಕದ ವಿಚಿತ್ರ ನ್ಯಾಯವಿದು: ಓಡುವುದಕ್ಕೆಂದೇ ಹುಟ್ಟಿದ ಯಂತ್ರ, ಓಡದೆ ಇದ್ದಷ್ಟೂ ಬೆಲೆಬಾಳುತ್ತದೆ.

ಜನಸಾಮಾನ್ಯರ ಪಾಲಿಗೆ ಮೋಟಾರು ಎಂದರೆ ಬಸ್ಸು. ನಿಜಾಮ್ ಸಂಸ್ಥಾನದ ರೈಲು ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸೊಂದು ಹೈದರಾಬಾದಿನ ಬಸ್ ಭವನದಲ್ಲಿ ಪ್ರದರ್ಶನಕ್ಕೆ ಉಳಿದುಕೊಂಡಿದೆ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ರಸ್ತೆ ಬದಲಾಗಲಿಲ್ಲ. ಪುಣೆಯಿಂದ ಮಚಲೀಪಟ್ಟಣದವರೆಗೆ ಹೋಗುವ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 9 ಎಂದು ಹೆಸರಾಯಿತು. 2010ರ ಮರುಸಂಖ್ಯೆಯಲ್ಲಿ ಅದೇ 65 ಆಯಿತು.

ರೈಲಿಲ್ಲದ ಕೊರತೆಯೇ ಈ ಸೀಮೆಗೆ ಒಂದು ಕಸುಬನ್ನು ಕೊಟ್ಟಿತು. ಹೆದ್ದಾರಿ ಹಾಯುವ ಸಸ್ತಾಪುರ ಬಂಗ್ಲಾ, ಬಸವಕಲ್ಯಾಣದ ಆಟೊ ನಗರ ಇವೆಲ್ಲ ಲಾರಿಯ ಮೇಲೆ ಬೆಳೆದವು. ಬಾಡಿ ಕಟ್ಟುವವರು, ಛಾಸಿ ನೇರ ಮಾಡುವವರು, ಸ್ಪ್ರಿಂಗ್ ಪಟ್ಟಿ ಹದ ಮಾಡುವವರು, ಹಳೆಯ ಗೇರುಪೆಟ್ಟಿಗೆ ಬಿಚ್ಚಿ ಜೋಡಿಸುವವರು, ಟೈರು ಹಾಕುವವರು. ಬಸವಕಲ್ಯಾಣದ ನೋಂದಣಿ ಗುರುತಾದ ಕೆಎ-56 ಹೊತ್ತ ಲಾರಿ, ಟ್ಯಾಂಕರುಗಳನ್ನು ನೆರೆರಾಜ್ಯಗಳ ಹೆದ್ದಾರಿಗಳಲ್ಲೂ ಕಾಣಬಹುದು. ಕಾಯಕವನ್ನು ದೊಡ್ಡದೆಂದು ಸಾರಿದ ಶರಣರ ಊರಿನಲ್ಲಿ ಕೈಗೆ ಗ್ರೀಸು ಹತ್ತಿಸಿಕೊಂಡ ಕಾಯಕವೂ ಹೀಗೆ ಬೇರೂರಿತು.

ಹೊಸ ಕಾರಿಗಾಗಿ ಹುಟ್ಟಿದ ಟ್ರೇಲರ್

ಇಂದು ಹೆದ್ದಾರಿಯಲ್ಲಿ ಎರಡಂತಸ್ತಿನ ಕಂಟೇನರಿನೊಳಗೆ ಹೊಸ ಕಾರುಗಳನ್ನು ತುಂಬಿಕೊಂಡು ಹೋಗುವ ಉದ್ದನೆಯ ವಾಹನಗಳನ್ನು ನಾವು ದಿನವೂ ನೋಡುತ್ತೇವೆ. ಅದರ ಮೂಲಪುರುಷ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಅಲೆಕ್ಸಾಂಡರ್ ವಿಂಟನ್. ಆತ 1898ರಲ್ಲಿ ಕಾರು ತಯಾರಿಸಿ ಮಾರತೊಡಗಿದಾಗ ಒಂದು ತೊಡಕು ಎದುರಾಯಿತು. ದೂರದ ಗಿರಾಕಿಗೆ ಕಾರನ್ನು ಓಡಿಸಿಕೊಂಡು ಹೋಗಿ ತಲುಪಿಸಿದರೆ ಅದು ತಲುಪುವಷ್ಟರಲ್ಲಿ ಹಳೆಯದಾಗಿಬಿಡುತ್ತಿತ್ತು. ಟೈರು ಸವೆಯುತ್ತಿತ್ತು, ಬಣ್ಣ ಮಾಸುತ್ತಿತ್ತು. ಹಾಗಾಗಿ ಆತ ತನ್ನದೇ ಕಾರಿನ ಹಿಂಬದಿಗೆ ಒಂದು ಬಂಡಿಯನ್ನು ಜೋಡಿಸಿ, ಅದರ ಮೇಲೆ ಇನ್ನೊಂದು ಕಾರನ್ನು ಹೇರಿ ಕಳಿಸುವ ಉಪಾಯ ಹೂಡಿದ. ಅರೆ-ಟ್ರೇಲರಿನ ಮೊದಲ ರೂಪವೆಂದು ಬಹಳ ಮಂದಿ ಗುರುತಿಸುವುದು ಇದನ್ನೇ.

1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಮರದ ವ್ಯಾಪಾರಿಯೊಬ್ಬನ ದೋಣಿಯನ್ನು ಸಾಗಿಸಲು ಫೋರ್ಡ್ ಮಾಡೆಲ್-ಟಿ ಕಾರಿಗೆ ಇಂಥದೇ ಬಂಡಿ ಕಟ್ಟಿಕೊಟ್ಟ. ಕುದುರೆಗಾಡಿ ರಿಪೇರಿ ಮಾಡುತ್ತಿದ್ದ ಆ ಕುಲುಮೆ ಮುಂದೆ ಟ್ರೇಲರ್ ತಯಾರಿಕೆಯ ದೊಡ್ಡ ಕಂಪನಿಯಾಯಿತು. ದೋಣಿಯಾಗಲಿ ಕಾರಾಗಲಿ ಮತ್ತೆ ಅದೇ ಪ್ರಶ್ನೆ: ತುಂಡು ಮಾಡಲಾಗದ್ದನ್ನು ಇಡಿಯಾಗಿ ಒಯ್ಯುವುದು. ಮತ್ತೆ ಅದೇ ಕೈ: ಕಮ್ಮಾರನದು.

ಓಡಿಸಬಾರದ ಕಾರು

ಹಳೆಯ ಕಾರನ್ನು ಓಡಿಸಿಕೊಂಡೇ ಹೋದರೆ ಆಗದೇ ಎಂದು ಕೇಳಬಹುದು. ಬಹುತೇಕ ಸಂದರ್ಭಗಳಲ್ಲಿ ಆಗದು. ನೋಂದಣಿ, ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೊಟ್ಟಿಗೆಯಲ್ಲಿ ಮಲಗಿದ ಕಾರಿಗೆ ಇದನ್ನೆಲ್ಲ ಮಾಡಿಸಿರುವವರು ಅಪರೂಪ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ಒಂದು ಅಧ್ಯಾಯ ಸೇರಿಸಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ಸ್ಥಾನ ಕೊಟ್ಟಿತು. ಅವುಗಳ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಇಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಇನ್ನೊಂದು ಕಟ್ಟುಪಾಡು ಮುಖ್ಯವಾದದ್ದು: ಛಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂದರೆ ಮೂಲ ಭಾಗ ಉಳಿದಿದ್ದರೆ ಮಾತ್ರ ಮಾನ್ಯತೆ. ಸಾಗಿಸುವಾಗ ಮುರಿದ ಅಚ್ಚು, ಸೊಟ್ಟಗಾದ ಛಾಸಿ, ಬಿರುಕು ಬಿಟ್ಟ ಎಂಜಿನ್ ಬ್ಲಾಕ್ ಇವೆಲ್ಲ ಕೇವಲ ರಿಪೇರಿಯ ಖರ್ಚಲ್ಲ. ಆ ಕಾರಿನ ಗುರುತನ್ನೇ ಕಳೆಯಬಲ್ಲವು.

ಹಗ್ಗ ಕಟ್ಟಿ ಎಳೆಯುವ ರೂಢಿ ನಮ್ಮಲ್ಲಿ ಹೆಚ್ಚು. ಕೆಟ್ಟು ನಿಂತ ಲಾರಿಯನ್ನು ಗ್ಯಾರೇಜಿನವರೆಗೆ ಒಯ್ಯಲು ಅದು ಸರಿ. 1989ರ ರಸ್ತೆ ನಿಯಮಗಳು ಇದಕ್ಕೂ ಮಿತಿ ಹಾಕಿದ್ದವು. ಎರಡು ವಾಹನಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರವಿರಕೂಡದು, ವೇಗ ಗಂಟೆಗೆ 24 ಕಿಲೋಮೀಟರ್ ದಾಟಕೂಡದು ಎಂದಿದ್ದವು. ಅರ್ಧ ಶತಮಾನ ನಿಂತಿದ್ದ ಕಾರಿಗೆ ಇದು ಒಗ್ಗದು. ಬ್ರೇಕ್ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಹಿಡಿದದ್ದು ಬಿಡುವುದಿಲ್ಲ. ಟೈರಿನ ರಬ್ಬರು ಒಣಗಿ ಸೀಳಿರುತ್ತದೆ. ಬೇರಿಂಗಿನ ಗ್ರೀಸು ಕಲ್ಲಾಗಿರುತ್ತದೆ. ಹಗ್ಗ ಬಿಗಿಯಾಗುವ ಪ್ರತಿ ಜಗ್ಗಿನಲ್ಲೂ ಹಳೆಯ ಛಾಸಿಯ ಬೆಸುಗೆಗೆ ಏಟು ಬೀಳುತ್ತದೆ. ಆದ್ದರಿಂದ ನಾಲ್ಕೂ ಚಕ್ರ ನೆಲದಿಂದ ಮೇಲಿರಬೇಕು ಎಂಬುದೇ ಮೊದಲ ನಿಯಮ.

ಎಳೆಯುವ ಬಲಕ್ಕಿಂತ ನಿಲ್ಲಿಸುವ ಬಲ

ಟ್ರೇಲರ್ ಕೊಳ್ಳುವವರು, ಬಾಡಿಗೆಗೆ ತರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ನನ್ನ ಗಾಡಿ ಇದನ್ನು ಎಳೆಯುತ್ತದೆಯೇ ಎಂಬುದು. ಅದು ಎರಡನೆಯ ಪ್ರಶ್ನೆ. ಮೊದಲನೆಯದು, ನನ್ನ ಗಾಡಿ ಇದನ್ನು ನಿಲ್ಲಿಸುತ್ತದೆಯೇ ಎಂಬುದು. ಸಮತಟ್ಟಾದ ರಸ್ತೆಯಲ್ಲಿ ಎರಡು ಟನ್ ಎಳೆಯಲು ದೊಡ್ಡ ಎಂಜಿನ್ ಬೇಕಿಲ್ಲ. ಆದರೆ ಅಡ್ಡ ಬಂದ ಎಮ್ಮೆಗಾಗಿ ಬ್ರೇಕ್ ಒತ್ತಿದಾಗ ಆ ಎರಡು ಟನ್ ಹಿಂದಿನಿಂದ ನೂಕುತ್ತದೆ. ವೇಗ ಎರಡು ಪಟ್ಟಾದರೆ ನೂಕುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹಿಡಿತದಲ್ಲಿದ್ದ ಟ್ರೇಲರ್ 80ರಲ್ಲಿ ಬೇರೆಯೇ ಪ್ರಾಣಿ.

ಒಂದು ಲೆಕ್ಕ ನೋಡೋಣ. ಅಂಬಾಸಡರ್ ಕಾರಿನ ತೂಕ ಸುಮಾರು 1,100 ಕಿಲೋ. ಎರಡು ಅಚ್ಚಿನ, ನಾಲ್ಕು ಗಾಲಿಯ ಕಾರ್ ಟ್ರೇಲರ್ 800 ಕಿಲೋ ಇದೆ ಎಂದುಕೊಳ್ಳೋಣ. ಒಟ್ಟು 1,900. ಕೊಂಡಿಯ ಮೇಲೆ ಕೂರಬೇಕಾದದ್ದು 190ರಿಂದ 285 ಕಿಲೋ. ಅಂದರೆ ಎಳೆಯುವ ಜೀಪಿನ ಹಿಂದಿನ ಕೊನೆಯಲ್ಲಿ ಮೂರು ನಾಲ್ಕು ಆಳು ನಿಂತ ಹಾಗೆ. ಇನ್ನು ಎಳೆಯುವ ಜೀಪೇ 1,600 ಕಿಲೋ ಇದ್ದರೆ ಭಾರ ಎಳೆಯುವವನಿಗಿಂತ ಎಳೆಸಿಕೊಳ್ಳುವವನೇ ದೊಡ್ಡವನು. ಇಂಥ ಜೋಡಿ ಹೆದ್ದಾರಿಗೆ ತಕ್ಕುದಲ್ಲ. ಎಳೆಯುವ ವಾಹನ ತುಂಬಿದ ಟ್ರೇಲರಿಗಿಂತ ಭಾರವಾಗಿರುವುದು ಲೇಸು. ಅದು ಕಾರಿನಂತೆ ಒಂದೇ ಚಿಪ್ಪಿನ ಬಾಡಿಯದಾಗಿರದೆ, ಏಣಿಯಂತಹ ಗಟ್ಟಿ ಛಾಸಿಯ ಮೇಲೆ ಕಟ್ಟಿದ್ದಾಗಿರಬೇಕು. ತಯಾರಕರು ಕೊಟ್ಟ ಕೈಪಿಡಿಯಲ್ಲಿ ಎಳೆಯುವ ಮಿತಿ ಇಷ್ಟು ಎಂದು ಬರೆದಿದ್ದರೆ ಅದನ್ನು ಮೀರಬಾರದು. ಬರೆದಿಲ್ಲವಾದರೆ ಎಳೆಯಬಾರದೆಂದು ತಿಳಿಯುವುದೇ ಕ್ಷೇಮ.

ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ 750 ಕಿಲೋ ಮೀರುವಂತಿಲ್ಲ. ಅದಕ್ಕಿಂತ ಭಾರದವುಗಳಲ್ಲಿ ಒಂದು ಸರಳ ಏರ್ಪಾಡಿದೆ. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ಮುನ್ನುಗ್ಗಿ ಕೊಂಡಿಯನ್ನು ಒತ್ತುತ್ತದೆ. ಆ ಒತ್ತುವಿಕೆಯೇ ಸನ್ನೆಯ ಮೂಲಕ ಟ್ರೇಲರಿನ ಬ್ರೇಕನ್ನು ಹಿಡಿಸುತ್ತದೆ. ಅಮೆರಿಕದಲ್ಲಿ ವಿದ್ಯುತ್ ಬ್ರೇಕ್ ಹೆಚ್ಚು ಬಳಕೆಯಲ್ಲಿದೆ. ನಮ್ಮ ಕಾನೂನಿನಲ್ಲಿ ಟ್ರೇಲರ್ ಕೂಡ ನೋಂದಣಿಯಾಗಬೇಕಾದ ವಾಹನವೇ. ಬೆಸುಗೆ ಅಂಗಡಿಯಲ್ಲಿ ಮಾಡಿಸಿ ಹಾಗೇ ರಸ್ತೆಗೆ ಇಳಿಸುವಂತಿಲ್ಲ.

ನಮ್ಮ ಸೀಮೆಯಲ್ಲಿ ಟ್ರೇಲರ್ ಎಂದೊಡನೆ ನೆನಪಾಗುವುದು ಟ್ರ್ಯಾಕ್ಟರಿನ ಟ್ರಾಲಿ. ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಕಡೆಗೆ ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಸಾಲನ್ನು ಕಂಡವರಿಗೆ, ಒಂದು ಕಾರು ಯಾವ ಲೆಕ್ಕ ಎನಿಸುವುದು ಸಹಜ. ಊರೊಳಗಿನ ಒಂದೆರಡು ಕಿಲೋಮೀಟರಿಗೆ, ನಡಿಗೆಯ ವೇಗದಲ್ಲಿ ಅದು ಆದೀತು. ಆದರೆ ಅನೇಕ ಟ್ರಾಲಿಗಳಿಗೆ ಬ್ರೇಕಿಲ್ಲ, ಹಿಂದೆ ದೀಪವಿಲ್ಲ, ಸ್ಪ್ರಿಂಗೂ ಇಲ್ಲ. ಕಬ್ಬಿಗೆ ಕುಲುಕಾಟದಿಂದ ನಷ್ಟವಿಲ್ಲ. ಎಪ್ಪತ್ತು ವರ್ಷದ ಮರದ ಚೌಕಟ್ಟಿನ ಕಾರು ಪ್ರತಿ ಗುಂಡಿಯಲ್ಲೂ ಒಂದು ಕೀಲು ಸಡಿಲಿಸಿಕೊಳ್ಳುತ್ತದೆ.

ಲಾರಿಯೇ ಲೇಸೇ?

ಹಾಗಾದರೆ ಹೇರೆತ್ತಿನ ಹಾದಿಯೇ ಸರಿ, ಲಾರಿಯ ಮೇಲೇ ಹೇರಿಬಿಡೋಣ ಎನ್ನಬಹುದು. ಭಾರತದ ರಸ್ತೆಗಳಲ್ಲಿ ಬಹುತೇಕ ಹಳೆಯ ಕಾರುಗಳು ಸಾಗುವುದು ಹೀಗೆಯೇ. ಲಾರಿಗೆ ಕೊಂಡಿಯಿಲ್ಲ, ಬಾಲ ಬೀಸುವ ಭಯವಿಲ್ಲ, ಬ್ರೇಕ್ ಒಂದೇ. ಮುಚ್ಚಿದ ಕಂಟೇನರಾದರೆ ಮಳೆ, ಧೂಳು, ಕಲ್ಲಿನ ಏಟು ತಪ್ಪುತ್ತದೆ. ದೂರದ ಪ್ರಯಾಣಕ್ಕೆ ಅದೇ ಒಳ್ಳೆಯದು.

ಲಾರಿಯ ತೊಡಕು ಎತ್ತರದ್ದು. ಸಾಮಾನ್ಯ ಲಾರಿಯ ಹಲಗೆ ನೆಲದಿಂದ ಒಂದು ಮೀಟರಿಗೂ ಮೇಲಿರುತ್ತದೆ. ಟ್ರೇಲರಿನ ಹಲಗೆ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ 2.4 ಮೀಟರ್ ಉದ್ದದ ಇಳಿಜಾರು ಹಲಗೆ ಇಟ್ಟು, ನಾಲ್ಕಕ್ಕೆ ಒಂದರ ಏರಿನಲ್ಲಿ ಕಾರನ್ನು ಹತ್ತಿಸಬಹುದು. ಲಾರಿಗೆ ಅದೇ ಏರು ಬೇಕಾದರೆ ನಾಲ್ಕೂವರೆ ಮೀಟರಿನಷ್ಟು ಉದ್ದದ ಹಲಗೆ ಬೇಕು. ಅದಕ್ಕಿಂತ ಕಡಿದಾದ ಏರಿನಲ್ಲಿ ಕಾರಿನ ಸೈಲೆನ್ಸರ್ ತಗಲುತ್ತದೆ, ನೂಕುವವರ ಕಾಲು ಜಾರುತ್ತದೆ. ಹಳ್ಳಿಗಳಲ್ಲಿ ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ಹಿಂಬದಿಯಿಂದ ತಾಗಿಸಿ ನಿಲ್ಲಿಸಿ ದನ, ಯಂತ್ರಗಳನ್ನು ಹತ್ತಿಸುವ ಪದ್ಧತಿ ಇದೆ. ಅದು ಬುದ್ಧಿವಂತ ಪದ್ಧತಿ. ಆದರೆ ಹತ್ತಿಸುವ ಊರಿನಲ್ಲಿ ದಿಬ್ಬ ಇದ್ದಂತೆ ಇಳಿಸುವ ಊರಿನಲ್ಲೂ ಇರಬೇಕು. ಹಲಗೆಯೇ ಹಿಂದಕ್ಕೆ ಜಾರಿ ನೆಲಕ್ಕೆ ಬಾಗುವ, ತಿರುಚಕ್ರದಿಂದ ಕಾರನ್ನು ನಿಧಾನವಾಗಿ ಎಳೆದುಕೊಳ್ಳುವ ಲಾರಿಗಳು ಈಗ ಬಂದಿವೆ. ಹತ್ತಿರದ ದಾರಿಗೆ ಅವು ಬಹಳ ಅನುಕೂಲ.

ಮಣ್ಣನ್ನೂ ನೋಡಬೇಕು. ಹುಮನಾಬಾದ್ ಸುತ್ತಿನ ಕೆಂಪು ಮುರಕಲ್ಲಿನ ನೆಲ ಮಳೆಗಾಲದಲ್ಲೂ ಗಾಲಿಯನ್ನು ತಾಳುತ್ತದೆ. ಅಲ್ಲಿಂದ ಸ್ವಲ್ಪ ಕೆಳಗಿಳಿದರೆ ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಖಾಲಿ ಟ್ರೇಲರೂ ಹೂತುಕೊಳ್ಳುತ್ತದೆ. ಎರೆಹೊಲದ ಅಂಚಿನ ಕೊಟ್ಟಿಗೆಯಿಂದ ಕಾರು ತೆಗೆಯುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದೇ ಜಾಣತನ.

ಕಟ್ಟುವ ಕಲೆ

ಹತ್ತಿಸಿದ ಮೇಲೆ ಕಟ್ಟಬೇಕು. ಇಲ್ಲೂ ಬಂಡಿಯ ನ್ಯಾಯವೇ. ಎಂಜಿನ್ ಮುಂದಿರುವ ಕಾರನ್ನು ಮುಖ ಮುಂದಾಗಿ ನಿಲ್ಲಿಸಿದರೆ ಮುಂಭಾರ ತಾನಾಗಿ ಬರುತ್ತದೆ. ಎಂಜಿನ್ ಹಿಂದಿರುವ ಫೋಕ್ಸ್‌ವ್ಯಾಗನ್ ಬೀಟಲ್‌ನಂತಹ ಕಾರಿಗೆ ಲೆಕ್ಕ ತಿರುಗುತ್ತದೆ. ಅಂಗುಲ ಅಂಗುಲವಾಗಿ ಸರಿಸಿ ಕೊಂಡಿಯ ಭಾರ ನೋಡಬೇಕು. ನಾಲ್ಕೂ ಮೂಲೆಗೆ ನಾಲ್ಕು ಪಟ್ಟಿ. ಪಟ್ಟಿಯನ್ನು ಚಕ್ರಕ್ಕೆ ಅಥವಾ ಅಚ್ಚಿಗೆ ಹಾಕಬೇಕೇ ಹೊರತು ಬಂಪರಿಗಾಗಲಿ ಬಾಡಿಗಾಗಲಿ ಅಲ್ಲ. ಚಕ್ರವನ್ನೇ ಹಲಗೆಗೆ ಬಿಗಿದರೆ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನೇ ಕುಲುಕಿಕೊಳ್ಳುತ್ತದೆ, ಪಟ್ಟಿ ಸಡಿಲಾಗದು. ಬಾಡಿಗೆ ಬಿಗಿದರೆ ಗುಂಡಿಯಲ್ಲಿ ಸ್ಪ್ರಿಂಗ್ ಕುಸಿದಾಗ ಪಟ್ಟಿ ಸಡಿಲಾಗಿ ಕೊಂಡಿ ಕಳಚಿಕೊಳ್ಳುತ್ತದೆ. ಬ್ಯಾಟರಿಯ ತಂತಿ ತೆಗೆದು, ಟ್ಯಾಂಕಿನ ಹಳೆಯ ಪೆಟ್ರೋಲ್ ಖಾಲಿ ಮಾಡಿ, ಚಕ್ರಕ್ಕೆ ಅಡ್ಡಮರ ಕೊಡಬೇಕು.

ಹೊರಟ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಪಟ್ಟಿಗಳು ಒಮ್ಮೆ ಸಡಿಲಾಗುವುದು ಖಂಡಿತ. ಹುಮನಾಬಾದಿನಿಂದ ಸೊಲ್ಲಾಪುರದ ಕಡೆ ಹೊರಟವರು ಸಸ್ತಾಪುರ ಬಂಗ್ಲಾದಲ್ಲಿ ನಿಲ್ಲಿಸಿ, ಚಹಾ ಕುಡಿಯುವ ಮೊದಲು ಪಟ್ಟಿ ಬಿಗಿದು, ಗಾಲಿಯ ಗುಂಭ ಮುಟ್ಟಿ ಬಿಸಿ ನೋಡಿದರೆ ಮುಂದಿನ ದಾರಿ ನಿಶ್ಚಿಂತೆ. ದಾರಿಯಲ್ಲಿ ಟ್ರೇಲರ್ ಬೀಸತೊಡಗಿದರೆ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು, ಬ್ರೇಕನ್ನು ಥಟ್ಟನೆ ಒತ್ತಬಾರದು. ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಬೆದರಿದ ಎತ್ತನ್ನು ಸುಧಾರಿಸುವ ರೀತಿಯೂ ಅದೇ ಅಲ್ಲವೇ?

ಉಳಿಯಬೇಕಾದದ್ದು

ನಮ್ಮ ರಾಜ್ಯದಲ್ಲಿ ಹಳೆಯ ಕಾರುಗಳಿಗೆ ಗೌರವದ ಮನೆಗಳಿವೆ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹ ಪ್ರಸಿದ್ಧವಾದದ್ದು. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಬಂದಿದೆ. ಪ್ರೇಕ್ಷಕರು ಹೊಳೆಯುವ ಬಣ್ಣವನ್ನು ನೋಡಿ ಮೆಚ್ಚುತ್ತಾರೆ. ಆದರೆ ಅಲ್ಲಿ ನಿಂತ ಪ್ರತಿಯೊಂದು ಕಾರೂ ಯಾವುದೋ ಊರಿನ ಕೊಟ್ಟಿಗೆಯಿಂದ, ಶೆಡ್ಡಿನಿಂದ, ಅರಮನೆಯ ಹಿತ್ತಿಲಿನಿಂದ ಒಮ್ಮೆ ಜೋಪಾನವಾಗಿ ಹೊರಬಂದದ್ದು ಎಂಬುದನ್ನು ಮರೆಯಬಾರದು.

ನಮ್ಮ ಗಡಿಸೀಮೆಯ ಯಂತ್ರಗಳಿಗೆ ಅಂಥ ಅದೃಷ್ಟ ಕಡಿಮೆ. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ದೇಶದ ಎಷ್ಟೋ ಹಳೆಯ ಕಾರು, ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಯಿತು. ದುಡಿದು ತಿನ್ನುವವನಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ ಇಂದಿನ ನಿಯಮದ ಮುಂದೆ ಅಂಥ ವಾಹನ ವಿಂಟೇಜ್ ಎನಿಸಿಕೊಳ್ಳುವುದು ಕಷ್ಟ. ಇನ್ನೊಂದು ಕಡೆ, 2021ರಲ್ಲೇ ಘೋಷಣೆಯಾದ ಗುಜರಿ ನೀತಿ ಹಳೆಯ ವಾಹನಗಳನ್ನು ಕರಗಿಸಲು ಉತ್ತೇಜನ ಕೊಡುತ್ತದೆ. ಹೊಗೆಯುಗುಳುವ ವಾಹನ ರಸ್ತೆಯಿಂದ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರರಲ್ಲಿ ಒಂದಾದರೂ ಉಳಿದರೆ, ರೈಲು ಬಾರದ ಊರುಗಳು ಏಳು ದಶಕ ಹೇಗೆ ಬದುಕಿದವು ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ. ಮಹಾರಾಜರ ರೋಲ್ಸ್ ರಾಯ್ಸ್ ಉಳಿಸಲು ಮಹಾರಾಜರ ವಂಶವಿದೆ. ಹಳ್ಳಿ ಹಳ್ಳಿಗೆ ವೈದ್ಯರನ್ನೂ ಬಸುರಿಯರನ್ನೂ ಮದುವೆಯ ದಿಬ್ಬಣವನ್ನೂ ಹೊತ್ತ ಜೀಪನ್ನು ಉಳಿಸುವವರು ಯಾರು?

ಇದಕ್ಕೆ ಬೇಕಾದ ಕೈಗಳು ದೂರವೇನಿಲ್ಲ. ಛಾಸಿ ಕಟ್ಟುವುದು, ಅಚ್ಚು ಹೂಡುವುದು, ಸ್ಪ್ರಿಂಗ್ ಹದ ಮಾಡುವುದು ಬಸವಕಲ್ಯಾಣಕ್ಕೆ ಹೊಸತಲ್ಲ. ನಿಯಮಕ್ಕೆ ತಕ್ಕಂತೆ, ಬ್ರೇಕ್ ಮತ್ತು ದೀಪ ಸಹಿತವಾದ, ತಗ್ಗಿನ ಹಲಗೆಯ ಒಳ್ಳೆಯ ಕಾರ್ ಟ್ರೇಲರನ್ನು ಕಟ್ಟುವ ವಿದ್ಯೆ ಲಾರಿಯ ಬಾಡಿ ಕಟ್ಟುವವನಿಗೆ ಎಟುಕದ್ದಲ್ಲ. ಡೆಟ್ರಾಯಿಟಿನಲ್ಲಿ ಒಬ್ಬ ಕಮ್ಮಾರನಿಂದ ಆದದ್ದು ಇಲ್ಲಿ ಆಗಬಾರದೆಂದೇನೂ ಇಲ್ಲ.

ಟ್ರೇಲರ್ ಸಿಗಲಿ, ಲಾರಿ ಸಿಗಲಿ, ಆರಿಸುವವರು ನೆನಪಿಡಬೇಕಾದದ್ದು ಇಷ್ಟೇ: ಮೊದಲು ತೂಕ ಹಾಕಿ, ಆಮೇಲೆ ಬ್ರೇಕ್ ನೋಡಿ, ಕೊನೆಗೆ ಎಂಜಿನಿನ ಬಲ ಕೇಳಿ. ಹತ್ತಿರದ ದಾರಿಗೆ, ತಗ್ಗಾದ ಕಾರಿಗೆ, ತಕ್ಕಷ್ಟು ಭಾರವಾದ ಎಳೆಯುವ ವಾಹನವಿದ್ದರೆ ಟ್ರೇಲರ್. ದೂರದ ದಾರಿಗೆ, ಬೆಲೆಬಾಳುವ ಕಾರಿಗೆ ಮುಚ್ಚಿದ ಲಾರಿ. ಅನುಮಾನವಿದ್ದರೆ ಎಳೆಯುವುದಕ್ಕಿಂತ ಹೇರುವುದೇ ಮೇಲು. ಮೂಕಿ ಎತ್ತಿ ನೋಡದೆ ಎತ್ತು ಹೂಡದಿದ್ದ ರೈತನ ತಾಳ್ಮೆ ಹಳೆಯ ಕಾರಿನ ಒಡೆಯನಿಗೂ ಬೇಕು.